ಕೊನೆಗೆ ಬಂದವನು ಊದಬೇಕು

ಹೊಳೆನರಸೀಪುರದ ನಮ್ಮ ಫುಟ್‌ಬಾಲ್ ಕ್ಲಬ್ಬು ಇಂದೋ ನಾಳೆಯೋ ಎನ್ನುವಂತಿದ್ದಾಗ ಅದನ್ನು ಬದುಕಿಸಿದವನು ನಾನು. ಇದನ್ನು ಯಾರೂ ಅಲ್ಲಗಳೆಯಲಾರರು. ಸಾವಿರದ ಒಂಬೈನೂರ ಮೂವತ್ತೆಂಟರ ಮಾತು. ನಾನು ಪರಮಶಿವಯ್ಯ, ಪೇಟೆ ಬೀದಿಯಲ್ಲಿ ಜವಳಿ ಅಂಗಡಿ, ಕ್ಲಬ್ಬಿಗೆ ಕಾರ್ಯದರ್ಶಿ. ಚನ್ನರಾಯಪಟ್ಟಣದವರು ನಮ್ಮ ಮೇಲೆ ಆರು ಗೋಲು ಹೊಡೆದು ಹೋದ ಮೇಲೆ ನಮ್ಮವರಿಗೆ ಹೊಳೆ ದಂಡೆಯ ಮೈದಾನದ ಕಡೆ ಮುಖ ಹಾಕಲೂ ಬೇಸರ. ಒಬ್ಬ ಗದ್ದೆಗೆ ನೀರು ಕಟ್ಟಬೇಕಂತೆ, ಒಬ್ಬ ಹೆಂಡತಿಯ ಊರಿಗೆ ಹೋಗಬೇಕಂತೆ, ಇನ್ನೊಬ್ಬನಿಗೆ ಹಲ್ಲುನೋವಂತೆ. ಚೆಂಡನ್ನು ಹಲ್ಲಿನಲ್ಲಿ ಒದೆಯುತ್ತಾನೇನು, ಕತ್ತೆ! ಸಂಜೆ ಐದಕ್ಕೆ ಹಾಜರಿ ಕರೆದರೆ ಆರು ತಲೆ. ಆರು ತಲೆ ಕಟ್ಟಿಕೊಂಡು ಯಾರ ಮೇಲೆ ಆಡುವುದು, ಹೇಮಾವತಿ ಹೊಳೆಯ ಮೇಲೆಯೇ?

ಆ ಆರರಲ್ಲಿ ಒಂದು ದಿನವೂ ತಪ್ಪಿಸದವನು ಪಾಲಾಕ್ಷ, ನನ್ನ ಅಂಗಡಿಯ ಗುಮಾಸ್ತ. ಇಪ್ಪತ್ತೆರಡು ವರ್ಷ, ಸಣಕಲು ಮೈ. ಆದರೆ ಎಡಗಾಲಿಗೆ ಚೆಂಡು ಸಿಕ್ಕಿತೆಂದರೆ ಹಿಡಿಯುವವರಿಲ್ಲ. ಅವನಿಗಿದ್ದದ್ದು ಒಂದೇ ಆಸೆ. ವರ್ಷಕ್ಕೊಮ್ಮೆ ಹಾಸನದವರ ಜೊತೆ ಆಡುವ ಪಂದ್ಯದಲ್ಲಿ, ಊರಿನವರೆಲ್ಲರ ಎದುರು, ಹನ್ನೊಂದು ಜನರಲ್ಲಿ ಒಬ್ಬನಾಗಿ ನಿಲ್ಲಬೇಕು.

"ಈ ಸಲನಾದ್ರೂ ನನ್ನೆಸ್ರು ಬರೀತೀರಾ, ಯಜಮಾನ್ರೆ?" ಎಂದು ಬಟ್ಟೆ ಮಡಿಸುತ್ತಾ ಕೇಳುತ್ತಿದ್ದ.

"ತಪ್ಪದೆ ಬಾ, ಬರೀತೀನಿ" ಎನ್ನುತ್ತಿದ್ದೆ.

ಆಗಿನ ಚೆಂಡೆಂದರೆ ಹೊರಗೆ ತೊಗಲು, ಒಳಗೆ ರಬ್ಬರಿನ ಬ್ಲಾಡರು, ಅದಕ್ಕೊಂದು ನಳಿಗೆ. ಆಟ ಮುಗಿದ ಮೇಲೆ ಗಾಳಿ ಬಿಟ್ಟು ಮಡಿಸಿಡುವುದು, ಮರುದಿನ ಪಂಪಿನಲ್ಲಿ ಗಾಳಿ ತುಂಬುವುದು ನಮ್ಮ ಪದ್ಧತಿ. ನಳಿಗೆಗೆ ದಾರ ಬಿಗಿದು ತೊಗಲಿನ ಬಾಯಿ ಕಟ್ಟುವುದು ಕಾರ್ಯದರ್ಶಿಯ ಕೆಲಸ, ಅಂದರೆ ನನ್ನದು. ಒಂದು ಸಂಜೆ ಪಂಪನ್ನು ಅಂಗಡಿಯಲ್ಲೇ ಮರೆತು ಬಂದಿದ್ದೆ. ಎಲ್ಲರಿಗಿಂತ ಕೊನೆಗೆ ಬಂದವನು ದೇವರಾಜು, ನಮ್ಮ ಕ್ಯಾಪ್ಟನ್, ದೊಡ್ಡ ಜಮೀನುದಾರರ ಮನೆಯ ಮಗ. ಅವನ ಕೈಗೆ ಬ್ಲಾಡರು ಕೊಟ್ಟು, "ತಡ ಮಾಡಿದ್ದಕ್ಕೆ ಬಾಯಲ್ಲಿ ಊದು" ಎಂದೆ. ಅವನು ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ ಊದಿದ. ನಾವು ಸುತ್ತ ನಿಂತು ಒಂದು, ಎರಡು ಎಂದು ಎಣಿಸಿದೆವು. ಹದಿನೆಂಟು ಉಸಿರಾಯಿತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮರುದಿನ ಹತ್ತು ಜನ ಬಂದಿದ್ದರು, ಅದೂ ಐದಕ್ಕೆ ಮುಂಚೆಯೇ! ನನಗೆ ಹೊಳೆಯಿತು. ಪಂಪನ್ನು ಅಂಗಡಿಯ ಮೇಲಟ್ಟದ ಮೇಲೆ ಪಂಚೆಗಳ ಹಿಂದೆ ತಳ್ಳಿಬಿಟ್ಟೆ. "ಪಂಪು ಕೆಟ್ಟಿದೆ. ಇನ್ನು ಮೇಲೆ ಕೊನೆಗೆ ಬಂದವನು ಊದಬೇಕು. ಇದು ಕ್ಲಬ್ಬಿನ ರೂಲ್ಸು" ಎಂದು ಸಾರಿದೆ.

ಎರಡು ವಾರದಲ್ಲಿ ಹದಿನೈದು ಜನವಾದರು. ಆದರೆ ಒಂದು ತೊಡಕು ಬಂತು. ಎರಡನೆಯ ಸಲ ಊದಬೇಕಾಗಿ ಬಂದಾಗ ದೇವರಾಜು ಮುಖ ಊದಿಸಿಕೊಂಡು ನಾಲ್ಕು ದಿನ ಬರಲಿಲ್ಲ. ಇನ್ನೊಬ್ಬ ಜಗಳಕ್ಕೇ ನಿಂತ. ನಗಿಸಿಕೊಳ್ಳುವವನು ಯಾರಾದರೂ ಬೇಕು, ಆದರೆ ಅವನು ಮುನಿಸಿಕೊಳ್ಳಬಾರದು. ಅಂಥವನು ಊರಿಗೆಲ್ಲ ಒಬ್ಬನೇ ಇದ್ದ, ನನ್ನ ಅಂಗಡಿಯಲ್ಲೇ ಇದ್ದ.

ಅಲ್ಲಿಯವರೆಗೆ ನಾನೂ ಪಾಲಾಕ್ಷನೂ ಅಂಗಡಿ ಮುಚ್ಚಿ ಜೊತೆಯಲ್ಲೇ ಹೋಗುತ್ತಿದ್ದೆವು. ಅಂಗಡಿಯ ಬಾಗಿಲೆಂದರೆ ಹದಿನಾಲ್ಕು ಹಲಗೆ. ಒಂದೊಂದನ್ನೇ ಎತ್ತಿ ಚೌಕಟ್ಟಿನ ಸಂದಿಗೆ ಕೂರಿಸಿ, ಕೊನೆಗೆ ಅಡ್ಡಪಟ್ಟಿ ಹಾಕಿ ಬೀಗ ಜಡಿಯಬೇಕು. ಒಬ್ಬನೇ ಹಾಕಿದರೆ ಅರ್ಧ ಗಂಟೆ. ಅಂದಿನಿಂದ ನಾನು ನಾಲ್ಕೂವರೆಗೇ ಎದ್ದು, "ಹಲಗೆ ಹಾಕಿಕೊಂಡು ಬಾ" ಎಂದು ಹೊರಟುಬಿಡುತ್ತಿದ್ದೆ. ಅವನು ಬೆವರು ಸುರಿಸುತ್ತಾ ಓಡಿಬರುವಷ್ಟರಲ್ಲಿ ಎಲ್ಲರೂ ಸೇರಿ ದಾರಿ ಕಾಯುತ್ತಿದ್ದರು.

"ಬಂದ್ಬುಟ್ಟ ಕಣ್ರಲಾ, ಕಮ್ಮಾರನ ತಿದಿ ಬಂದ್ಬುಟ್ಟ!" ಎಂದು ದೇವರಾಜು ಕೂಗುತ್ತಿದ್ದ. "ಊದ್ಲಾ ಪಾಲಾಕ್ಷ. ಎಣಿಸ್ರಲಾ!"

ಪಾಲಾಕ್ಷ ನಗುತ್ತಲೇ ಊದುತ್ತಿದ್ದ. ಮೊದಲ ದಿನ ಇಪ್ಪತ್ತೆರಡು ಉಸಿರು. ತಿಂಗಳ ಕೊನೆಗೆ ಮೂವತ್ತು. ಸಂಖ್ಯೆ ಏರಿದಷ್ಟೂ ಜನಕ್ಕೆ ಖುಷಿ. ಆಡದವರೂ ನೋಡಲು ಬರುತ್ತಿದ್ದರು. ಹಾಜರಿ ಇಪ್ಪತ್ತೆರಡಕ್ಕೆ ಏರಿ ಎರಡು ಪೂರ್ತಿ ತಂಡಗಳಾದವು. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಮನೆಗೆ ಹೋಗುವಂತಾದರು. ಒಗ್ಗಟ್ಟೆಂದರೆ ಅದು!

ಒಂದು ದಿನ ಪಾಲಾಕ್ಷನ ತಾಯಿ ರೇವಮ್ಮ ಅಂಗಡಿಗೆ ಬಂದು ಕಂಬದ ಪಕ್ಕ ನಿಂತಳು.

"ನನ್ನ ಮಗ ನಿದ್ದೆ ಇಲ್ದೆ ಕೆಮ್ತಾನೆ ಪರಮಶಿವಯ್ನೋರೆ. ಓಡ್ಲಿ, ಆಡ್ಲಿ, ನಾನು ಬ್ಯಾಡ ಅನ್ನಾಕಿಲ್ಲ. ಆ ಊದೋದು ಒಂದ್ನ ತಪ್ಪಿಸಿ. ನಿಮ್ಮ ದಮ್ಮಯ್ಯ ಅಂತೀನಿ."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರ ಮುಂದೆ ಇವಳ ಹತ್ತಿರ ಮಾತು ಕೇಳಿಸಿಕೊಳ್ಳುವುದೇ? "ಮೂರೊತ್ತೂ ಒಲೆ ಊದೋಳು ನೀನು. ನಿಂಗೇನಾಗದೆ ರೇವಮ್ಮ?" ಎಂದೆ. ಗಿರಾಕಿಗಳು ನಕ್ಕರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೊರಟುಹೋದಳು.

ಪಂದ್ಯಕ್ಕೆ ಇನ್ನೂ ಹದಿನೈದು ದಿನವಿತ್ತು. ಅಂದು ಪಾಲಾಕ್ಷ ಊದಿ ಮುಗಿಸಿ ಬ್ಲಾಡರನ್ನು ನನ್ನ ಕೈಗಿತ್ತು, ಆಚೆ ಹೋಗಿ ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತ. ದಾರ ಬಿಗಿಯಲು ನಳಿಗೆ ಹಿಡಿದರೆ ಬೆರಳಿಗೆ ಏನೋ ಅಂಟಿತು. ನೋಡಿದೆ. ರಕ್ತ. ಸುತ್ತ ಎಲ್ಲರೂ ನಗುತ್ತಾ ನಿಂತಿದ್ದರು. ಈಗ ಬಾಯಿಬಿಟ್ಟರೆ ಒಬ್ಬನೂ ನಾಳೆ ಇತ್ತ ತಲೆ ಹಾಕುವುದಿಲ್ಲ ಅನ್ನಿಸಿತು. ಪಂಚೆಯ ತುದಿಯಲ್ಲಿ ಒರೆಸಿ, ದಾರ ಬಿಗಿದು, ಚೆಂಡನ್ನು ಮೈದಾನಕ್ಕೆ ಎಸೆದೆ. ಅಂದು ಒರೆಸಿದೆ, ಮರುದಿನವೂ ಒರೆಸಿದೆ, ಆಮೇಲೆ ಅದೂ ಒಂದು ಅಭ್ಯಾಸವಾಯಿತು.

ಹಾಸನದವರು ಬಂದರು. ಊರಿಗೆ ಊರೇ ಹೊಳೆ ದಂಡೆಯಲ್ಲಿತ್ತು. ಪಾಲಾಕ್ಷ ಒಗೆದ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದಿದ್ದ. ನಾನು ಹನ್ನೊಂದು ಹೆಸರು ಓದಿದೆ. ಅದರಲ್ಲಿ ಅವನದಿರಲಿಲ್ಲ. ಹತ್ತು ಮಾರು ಓಡಿದರೆ ಏದುಸಿರು ಬಿಡುವವನನ್ನು ಹಾಕಿಕೊಂಡು ಸೋಲಲೇ?

"ನನ್ನೆಸ್ರು ಬಿಟ್ಟೋಗದೆ ಯಜಮಾನ್ರೆ" ಎಂದ.

"ಬಿಟ್ಟೋಗಿಲ್ಲ. ಚೆಂಡು ಊದಾಕೆ ನೀನೇ ಬೇಕಲ್ಲಪ್ಪ" ಎಂದು ಬ್ಲಾಡರು ಕೊಟ್ಟೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಊದಿದ. ಹಾಸನದವರೂ ಸೇರಿ ಎಣಿಸಿದರು. ನಲವತ್ತೊಂದು! ಶಿಳ್ಳೆಯೋ ಶಿಳ್ಳೆ. ಎರಡು-ಒಂದರಲ್ಲಿ ನಾವು ಗೆದ್ದೆವು. ಪಾಲಾಕ್ಷ ಗೆರೆಯ ಆಚೆ ಆಟಗಾರರ ಅಂಗಿಗಳನ್ನು ತೋಳಿನ ಮೇಲೆ ಹಾಕಿಕೊಂಡು ನಿಂತೇ ಇದ್ದ.

ಗೆದ್ದ ಖುಷಿಗೆ ಒಂದು ವಾರ ಆಟಕ್ಕೆ ರಜೆ ಕೊಟ್ಟೆ. ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವಾಗ ಪಾಲಾಕ್ಷ ಹಲಗೆ ಹಿಡಿದುಕೊಂಡೇ ಕುಸಿದ. ಡಾಕ್ಟರು ಕ್ಷಯ ಎಂದರು, ತುಂಬ ತಡವಾಯಿತು ಎಂದರು. ಆರನೆಯ ದಿನ ನೋಡಲು ಹೋದೆ. ಬಾಗಿಲಲ್ಲಿದ್ದ ರೇವಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳೇ ಹೊರತು ಬಾ ಎನ್ನಲಿಲ್ಲ. ಪಾಲಾಕ್ಷ ಚಾಪೆಯ ಮೇಲೆ ಒಂದು ಹಿಡಿಯಾಗಿದ್ದ.

"ಪಂಪು ಕೆಟ್ಟಿರ್ಲಿಲ್ಲ ಯಜಮಾನ್ರೆ" ಎಂದ. "ಅಟ್ಟದ ಮೇಲೆ ಧೂಳು ಕೊಡವೋವಾಗ ನೋಡಿದ್ದೆ. ಒತ್ತಿ ನೋಡ್ದೆ, ಗಾಳಿ ಬಂತು."

"ಮತ್ತೆ ಯಾಕೆ ಹೇಳಲಿಲ್ಲ?"

"ಯೋಳಿದ್ರೆ ನನ್ನೆಸ್ರು ಬರೆಯಾಕಿಲ್ಲ ನೀವು ಅಂತ ಸುಮ್ಕಿದ್ದೆ."

ಮರುದಿನ ತೀರಿಕೊಂಡ. ಕ್ಲಬ್ಬಿನವರೆಲ್ಲ ಬಂದು ಮಣ್ಣು ಹಾಕಿದೆವು. ಅಲ್ಲೇ ದೇವರಾಜು, "ನಾಳೆ ಅವನ ಎಸ್ರಲ್ಲೇ ಆಡಾನ. ಒಬ್ಬನೂ ತಪ್ಪಿಸ್ಕೂಡದು" ಎಂದ.

ಮರುದಿನ ಸಂಜೆ ನಾನೊಬ್ಬನೇ ಹಲಗೆ ಹಾಕಲು ನಿಂತೆ. ಯಾವ ಹಲಗೆ ಎಲ್ಲಿಗೆ ಎಂಬುದು ಸರಿಯಾಗಿ ತಿಳಿದಿದ್ದವನು ಪಾಲಾಕ್ಷ ಮಾತ್ರ. ರಜೆಯ ದಿನಗಳಲ್ಲಿ ಹೇಗೋ ಹೊಂದಿಸಿ ಗಂಟೆಗಟ್ಟಲೆ ಹಾಕಿದ್ದೆ. ಅಂದು ಆತುರ. ಏಳನೆಯದು ಕೂರಲೇ ಇಲ್ಲ. ಎಲ್ಲ ಕಿತ್ತು ಮೊದಲಿನಿಂದ ಹಾಕಿದೆ. ಬೀಗ ಜಡಿದು ಓಡಿದೆ.

ಉಳಿದ ಇಪ್ಪತ್ತೊಂದು ಜನವೂ ಬಂದುಬಿಟ್ಟಿದ್ದರು. ಕೊನೆಗೆ ಬರುತ್ತಿದ್ದವನು ಇನ್ನಿಲ್ಲವಲ್ಲ, ಆ ಜಾಗ ತನ್ನದಾಗದಿರಲೆಂದು ಎಲ್ಲರೂ ಓಡಿ ಬಂದಿದ್ದರು. ಪಂದ್ಯದ ದಿನದಿಂದ ತನ್ನ ಹತ್ತಿರವೇ ಇದ್ದ ಬ್ಲಾಡರನ್ನು ದೇವರಾಜು ನಗುತ್ತಾ ಮುಂದೆ ಹಿಡಿದ.

"ತಮಾಷೆ ಸಾಕು. ಪಂಪು ತರಿಸ್ತೀನಿ" ಎಂದೆ.

"ಕೆಟ್ಟೋಗದೆ ಅಂದೋರು ನೀವೇ ಅಲ್ವಾ ಸಾ?"

"ಇವತ್ತು ಬೇಡ ಕಣಯ್ಯ."

"ರೂಲ್ಸು ಮಾಡ್ದೋರೂ ನೀವೇ. ಪಾಲಾಕ್ಷ ಒಂದಿನಾನೂ ಬ್ಯಾಡ ಅಂದೋನಲ್ಲ."

ನಳಿಗೆಯ ಅಂಚಿನಲ್ಲಿ ಕಂದು ಬಣ್ಣದ್ದೇನೋ ಒಣಗಿ ಕೂತಿತ್ತು. ಅದು ಏನೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೇಳಿದರೆ ಮುಂದಿನ ಪ್ರಶ್ನೆ ಏನೆಂಬುದೂ ಗೊತ್ತಿತ್ತು: ಯಾವಾಗಿನಿಂದ ಗೊತ್ತು ಸಾ? ಪಂಚೆಯಲ್ಲಿ ಒರೆಸಿದೆ. ಮತ್ತೆ ಒರೆಸಿದೆ. ಅಯ್ಯೋ, ಒಂದು ಮಾತು ಹೇಳಿಬಿಟ್ಟಿದ್ದರೆ ಆಗುತ್ತಿತ್ತು.

ನಳಿಗೆಯನ್ನು ತುಟಿಗಿಟ್ಟುಕೊಂಡೆ. "ಒಂದು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ನನಗೆ ಮೂವತ್ತಮೂರು ಉಸಿರು ಬೇಕಾಯಿತು. ಬಿದ್ದು ಬಿದ್ದು ನಕ್ಕರು. ಮರುದಿನ ಇಪ್ಪತ್ತಾರು ಜನ ಬಂದಿದ್ದರು. ಹದಿನಾಲ್ಕು ಹಲಗೆ ಹಾಕಿ ನಾನು ಹೋಗುವಷ್ಟರಲ್ಲಿ ಎಲ್ಲರೂ ಸುತ್ತ ನಿಂತು ನನ್ನ ದಾರಿಯನ್ನೇ ಕಾಯುತ್ತಿದ್ದರು.