ಮೂವತ್ತೆಂಟನೇ ಲ್ಯಾಪ್‌ಟಾಪ್

ನನ್ನ ಅಕ್ಕನ ಮಗಳನ್ನು ದಡ್ಡಿ ಎಂದು ತೀರ್ಮಾನಿಸಿದ್ದು ಒಂದು ವಿಡಿಯೋ. ಹೀಗೆಂದರೆ ಹೆಡ್‌ಮಾಸ್ಟರರಿಗೆ ಇವತ್ತಿಗೂ ಮೈ ಉರಿಯುತ್ತದೆ. ಉರಿಯಲಿ.

ಅವಳು ಓದುವ ಶಾಲೆಯಲ್ಲೇ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಲ್ಯಾಪ್‌ಟಾಪ್‌ಗಳು ಲಾಗಿನ್ ಆಗುವುದು ತೀರಾ ನಿಧಾನ ಎಂದು ನಾಲ್ಕು ತಿಂಗಳಿಂದ ಬಾಯಿ ಬಡಿದುಕೊಂಡಿದ್ದೆ. ಯಾರೇ ಲಾಗಿನ್ ಆಗಲಿ, ಮೊದಲು ಹೆಡ್‌ಮಾಸ್ಟರರ ಸ್ವಾಗತ ಭಾಷಣದ ವಿಡಿಯೋ ಇಳಿಯಬೇಕು. ಅದು ಅವರದೇ ಅಪ್ಪಣೆ. ತರಗತಿಗೆ ಇರುವುದು ಒಂದೇ ವೈಫೈ. ಮೂವತ್ತೆಂಟು ಮಕ್ಕಳು ಒಟ್ಟಿಗೆ ಎಳೆದರೆ ಅದಾದರೂ ಏನು ಮಾಡೀತು?

"ಮಕ್ಕಳಿಗೆ ಸ್ವಲ್ಪ ತಾಳ್ಮೆ ಬರ್ಲಿ ಬಿಡಮ್ಮ" ಎಂದು ನಕ್ಕಿದ್ದರು ಮಹಾನುಭಾವರು.

ಶುಕ್ರವಾರ ಅಕ್ಕ ಫೋನ್ ಮಾಡಿ ಅತ್ತಳು. ಗಣಿತದಲ್ಲಿ ಹಿಂದುಳಿದ ಹತ್ತು ಮಕ್ಕಳನ್ನು ಮಂಗಳವಾರದಿಂದ ಬೇರೆ ವಿಭಾಗಕ್ಕೆ ತಳ್ಳುತ್ತಾರಂತೆ, ಅದರಲ್ಲಿ ಇವಳೂ ಒಬ್ಬಳಂತೆ. ಮನೆಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಲೆಕ್ಕ ಬಿಡಿಸುವ ಹುಡುಗಿ!

ಗಣಿತದ ಮೇಷ್ಟ್ರಿಂದ ಪಟ್ಟಿ ಇಸಿದುಕೊಂಡು ನೋಡಿದೆ. ಹತ್ತೂ ಮಕ್ಕಳ ಹಾಜರಿ ಸಂಖ್ಯೆ ಇಪ್ಪತ್ತೊಂಬತ್ತರಿಂದ ಮೂವತ್ತೆಂಟು, ಕೊನೆಯದು ನಮ್ಮ ಹುಡುಗಿಯದೇ. ಬೀರುವಿನಿಂದ ಲ್ಯಾಪ್‌ಟಾಪ್ ಕೊಡುವುದೂ ಅದೇ ಸಾಲಿನಲ್ಲಿ. ಮೊದಲು ಕೈಗೆ ಬಂದವರು ಮೊದಲು ಒಳಗೆ. ಕೊನೆಯವರು ಹದಿಮೂರು ನಿಮಿಷ ಪರದೆಯನ್ನೇ ನೋಡುತ್ತ ಕೂರಬೇಕು. ಲ್ಯಾಪ್‌ಟಾಪ್‌ನಲ್ಲಿ ಬರೆಯುವ ಗಣಿತದ ಪರೀಕ್ಷೆಯೇ ಅರ್ಧ ಗಂಟೆ, ಅದೂ ಬೆಲ್ ಹೊಡೆದ ಕ್ಷಣದಿಂದ ಎಲ್ಲರಿಗೂ ಒಂದೇ ಲೆಕ್ಕ.

ಪಟ್ಟಿ ಹಿಡಿದು, ಮೇಷ್ಟ್ರನ್ನೂ ಕರೆದುಕೊಂಡು ಹೆಡ್‌ಮಾಸ್ಟರರ ಮುಂದೆ ನಿಂತೆ.

"ಸರ್, ಇವ್ರು ಯಾರೂ ದಡ್ಡರಲ್ಲ. ಕೊನೇಲಿ ಲ್ಯಾಪ್‌ಟಾಪ್ ಸಿಕ್ಕೋರು, ಅಷ್ಟೇ."

"ಸುಮ್ನೆ ವೈಫೈ ಮೇಲೆ ಗೂಬೆ ಕೂರಿಸ್ಬೇಡಿ. ನಿಮ್ಮ ಅಕ್ಕನ ಮಗಳು ಇದಾಳೆ ಅಂತ ತಾನೇ ಇಷ್ಟೆಲ್ಲ?"

"ಹಾಗಾದ್ರೆ ಉಳಿದ ಒಂಬತ್ತು ಜನಾನೂ ನನ್ನ ಅಕ್ಕನೇ ಹೆತ್ತಿದ್ದಾ ಸರ್?"

ಮೇಷ್ಟ್ರು ಕೆಮ್ಮಿ, ಸೋಮವಾರ ಇನ್ನೊಂದು ಸಲ ಪರೀಕ್ಷೆ ಮಾಡಿಬಿಡೋಣ ಎಂದರು. ಹೆಡ್‌ಮಾಸ್ಟರರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಆ ಸಂಜೆ ನಾನು ಯಾರನ್ನೂ ಕೇಳದೆ ವಿಡಿಯೋ ಕಿತ್ತುಹಾಕಿದೆ.

ಸೋಮವಾರ ಮೂವತ್ತೆಂಟು ಲ್ಯಾಪ್‌ಟಾಪ್‌ಗಳೂ ಒಂದು ನಿಮಿಷದೊಳಗೆ ತೆರೆದುಕೊಂಡವು. ನನ್ನ ಹುಡುಗಿ ಇಪ್ಪತ್ತು ಲೆಕ್ಕವನ್ನೂ ಮುಗಿಸಿದಾಗ ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ಅವಳು ಗಡಿಯಾರ ನೋಡಿದಳು, ಸುತ್ತ ನೋಡಿದಳು, ಆಮೇಲೆ ಎದ್ದು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

"ಚಿಕ್ಕಮ್ಮ, ನಾವು ದಡ್ಡರು ಅಂತ ಇವತ್ತು ಜಾಸ್ತಿ ಟೈಮ್ ಕೊಟ್ರಾ?"

ಹೆಡ್‌ಮಾಸ್ಟರರು ಬಾಗಿಲಲ್ಲೇ ನಿಂತಿದ್ದರು. ಅವಳ ಕೈ ಹಿಡಿದು ಅವರ ಮುಂದೆ ನಿಲ್ಲಿಸಿದೆ.

"ಇವ್ರನ್ನ ಕೇಳು ಮಗಳೇ" ಎಂದೆ.