ಪ್ರಾಣಿಶಾಸ್ತ್ರ ಬಿಡದ ಚಿತ್ತಮ್ಮ

ಹಿರಿಯೂರು ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ ಬೆಳಗಾಗುತ್ತಿದ್ದುದು ಕುರಿಗಳ ಕೂಗಿನಿಂದ. ಉಗ್ರಪ್ಪನ ಮನೆಯಲ್ಲಿ ಮಾತ್ರ ಅದರ ಜೊತೆಗೆ ಮಗಳು ಚಿತ್ತಮ್ಮ ಓದುವ ದನಿಯೂ ಸೇರುತ್ತಿತ್ತು. ಹಟ್ಟಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ೧೯೭೪ರಲ್ಲಿ ಚಿತ್ರದುರ್ಗದ ಕಾಲೇಜಿಗೆ ಸೇರಿ, ಇಷ್ಟಪಟ್ಟು ಪ್ರಾಣಿಶಾಸ್ತ್ರ ಆರಿಸಿಕೊಂಡಿದ್ದಳು. ಕಪ್ಪೆಯ ಗುಂಡಿಗೆ ಬಡಿಯುವುದನ್ನು ನೋಡಿ ಬಂದ ದಿನ ಉಣ್ಣುವುದನ್ನೂ ಮರೆತು ಅಪ್ಪನಿಗೆ ಬಣ್ಣಿಸಿದ್ದಳು.

"ಕುರಿಗೂ ಹಂಗೇ ಬಡ್ಕಂತೈತೇನವ್ವಾ?" ಎಂದು ಉಗ್ರಪ್ಪ ಹಿಗ್ಗಿದ್ದ.

ಆದರೆ ಮುಟ್ಟಾದ ಹೆಂಗಸರು, ಬಾಣಂತಿಯರು ಹಟ್ಟಿಯ ಮುಳ್ಳುಬೇಲಿಯಾಚೆ, ನಿಂತರೆ ತಲೆ ತಾಗುವ ಗುಡಿಸಲಲ್ಲಿ ಇರಬೇಕಿತ್ತು. ಪುಸ್ತಕ ಮುಟ್ಟುವಂತಿಲ್ಲ, ಬಸ್ಸು ಹತ್ತುವಂತಿಲ್ಲ. ಹೀಗೆ ತಿಂಗಳು ತಿಂಗಳೂ ಪ್ರಯೋಗದ ತರಗತಿಗಳು ತಪ್ಪಿದವು. ಕೊನೆಗೆ ಅಧ್ಯಾಪಕಿ ಅನ್ನಪೂರ್ಣಮ್ಮ ಕರೆದು, "ಹಾಜರಿ ಸಾಲದಮ್ಮ. ಇನ್ನೂ ತಪ್ಪಿಸಿದ್ರೆ ಪರೀಕ್ಷೆಗೆ ಕೂರಿಸೋದಿಲ್ಲ. ಪ್ರಯೋಗ ಇಲ್ಲದ ಚರಿತ್ರೆಗೆ ಬದಲಾಯಿಸ್ಕೊಳ್ಳೋದಾದ್ರೆ ಈ ವಾರವೇ ಕಡೆ," ಎಂದರು.

ಅಜ್ಜಿ ಜುಂಜಮ್ಮನಿಗೆ ಇದೊಂದು ದೊಡ್ಡ ಸಂಗತಿಯೇ ಅಲ್ಲ. "ಬದಲಾಯ್ಸ್ಕಳೇ. ಕಪ್ಪೆ ಬಿಟ್ಟು ರಾಜ್ರ ಕತೆ ಓದು. ದ್ಯಾವ್ರನ್ನ ಬದಲಾಯ್ಸಾಕಾಗ್ತೈತಾ?"

"ನಂಗೆ ಇಷ್ಟ ಬಂದ್ರೆ ಬದಲಾಯ್ಸ್ತೀನಿ ಅಜ್ಜಿ. ಗುಡಿಸ್ಲಿಗೆ ಹೆದ್ರಿ ಬದಲಾಯ್ಸಲ್ಲ."

"ದ್ಯಾವ್ರು ಮುನಿದು ಕುರಿಗೆ ರೋಗ ಬಂದ್ರೆ ನೀನ್ ಹೊಣೇನೇ?"

"ಹೋದ್ ವರ್ಷ ಬಂತಲ್ಲ, ಆಗ ನಾವೆಲ್ಲ ಗುಡಿಸ್ಲಾಗೇ ಇರ್ಲಿಲ್ವಾ?"

ಉಗ್ರಪ್ಪ ತಲೆ ಕೆರೆದುಕೊಂಡ.

ಆ ವಾರವೇ ಚಿತ್ತಮ್ಮ ಹೊರಗಾದಳು. ಬೆಳಿಗ್ಗೆ ಗುಡಿಸಲಿನಿಂದೆದ್ದು ಬಂದು ಬೇಲಿಯ ಬಾಗಿಲಲ್ಲಿ ನಿಂತು, "ಅವ್ವಾ, ನನ್ ಚೀಲ ಕೊಡು," ಎಂದಳು. ಅಜ್ಜಿ ಕೋಲು ಅಡ್ಡ ಹಿಡಿದಳು. ಜನ ಸೇರಿದರು. ಆಗ ತಾಯಿ ಹುಚ್ಚಕ್ಕ, ಅತ್ತೆಗೆ ಎಂದೂ ಎದುರು ಮಾತಾಡದವಳು, ಚೀಲದ ಜೊತೆ ರೊಟ್ಟಿಯ ಗಂಟನ್ನೂ ತಂದು ಎಲ್ಲರೆದುರಿಗೇ ಮಗಳ ಕೈ ಹಿಡಿದು ಕೊಟ್ಟಳು.

"ಅತ್ತೆ, ಆ ಗುಡಿಸ್ಲಾಗೆ ಹೆತ್ತ ನನ್ ಕೂಸು ಚಳಿಗೆ ಹೋತು. ಅವತ್ತು ಸುಮ್ನಿದ್ದೆ. ಇವತ್ತಿರಲ್ಲ. ನೀನ್ ನಡೆಯವ್ವ, ಬಸ್ ಬರ್ತೈತೆ."

ಜುಂಜಮ್ಮನ ಕೋಲು ಮೆಲ್ಲಗೆ ಕೆಳಗಿಳಿಯಿತು. ಚಿತ್ತಮ್ಮ ಓಡಿದಳು.

ಸಂಜೆ ಅವಳು ಮರಳಿದಾಗ ಅಜ್ಜಿಯೇ ಬಾಗಿಲಲ್ಲಿ ಕಾದಿದ್ದಳು. "ಬಾರೇ, ಕುರಿ ಜೋಡಿ ಮರಿ ಈದೈತೆ! ದ್ಯಾವ್ರು ನಿನ್ನ ಮೆಚ್ಚವ್ನೆ ಕಣೇ!"

"ಅಜ್ಜಿ, ಅದು ದ್ಯಾವ್ರ ಮುನಿಸೂ ಅಲ್ಲ, ಮೆಚ್ಚಿಗೇನೂ ಅಲ್ಲ. ಅದು ಟಗರಿನ ಕೆಲ್ಸ!"

ಉಗ್ರಪ್ಪ ಹೊಟ್ಟೆ ಹಿಡಿದು ನಕ್ಕ. ಸೆರಗು ಬಾಯಿಗೆ ಒತ್ತಿಕೊಂಡರೂ ಜುಂಜಮ್ಮನಿಗೆ ನಗು ತಡೆಯಲಾಗಲಿಲ್ಲ. ಹುಚ್ಚಕ್ಕ ಗುಡಿಸಲಿಗೆ ಹೋಗಿ ಮಗಳ ಚಾಪೆ ಸುತ್ತಿ ಮನೆಯೊಳಕ್ಕೆ ತಂದಳು.

ಮರುದಿನ ಪಕ್ಕದ ಮನೆಯ ವೀರಮ್ಮ ಬಂದು ದನಿ ತಗ್ಗಿಸಿ ಕೇಳಿದಳು: "ನನ್ ಮಗ್ಳನ್ನೂ ಕಾಲೇಜಿಗೆ ಕಳಿಸ್ಬೇಕಂತೀನಿ. ಏನ್ ಓದ್ಸಿದ್ರೆ ಚಂದ?"

"ಅದನ್ನ ನನ್ ಯಾಕ್ ಕೇಳ್ತೀಯಕ್ಕಾ?" ಎಂದಳು ಹುಚ್ಚಕ್ಕ. "ಓದೋಳು ನಿನ್ ಮಗ್ಳು. ಅವ್ಳನ್ನ ಕೇಳು."