ಸೋಮವಾರ ಕೊಳ್ಳು ಹರಿದ ಗಾಡಿ

ಬೈಲಹೊಂಗಲದ ಮಂದಿ ಮೋಟಾರಿನ ಮುಖವನ್ನೇ ಕಂಡಿರದ ಕಾಲ. ಮಾಮಲೇದಾರ ಕಚೇರಿಯ ಮುಂದಿನ ರಸ್ತೆಗೆ ಅಡ್ಡವಾಗಿ ಗಾಡಿ ನಿಲ್ಲಿಸಿದ ತಪ್ಪಿಗೆ ದೊಡವಾಡದ ಮುದಕಪ್ಪನಿಗೆ ದಂಡ ಬಿದ್ದಿತ್ತು. ಕಟ್ಟಿ ಕೈ ತೊಳೆದುಕೊಳ್ಳುವಷ್ಟು ಸಣ್ಣ ದಂಡ. ಅವನು ಕಟ್ಟಲೊಲ್ಲೆ ಎಂದ.

"ಕಾಕಾ, ಇಷ್ಟಕ್ಕ ಖಟ್ಲೆ ನಡಸ್ತಿ? ನಾಳೆ ನೊಣ ಕಚ್ಚಿದ್ರ ಮುಂಬಯಿ ಕೋರ್ಟಿಗೆ ಹೊಂಟಿ ನೋಡು," ಎಂದು ಜೊತೆಗೆ ಬಂದಿದ್ದ ಅಣ್ಣನ ಮಗ ಶಟ್ಟೆಪ್ಪ ಕಚೇರಿಯ ಕಟ್ಟೆಯ ಮೇಲೆ ಕುಳಿತು ಗೊಣಗಿದ.

ಮುದಕಪ್ಪ ನಗಲಿಲ್ಲ. "ದಂಡದ ಮಾತಲ್ಲೋ ತಮ್ಮಾ. ಆ ಸಿಪಾಯಿನ್ನ ಒಂದ ಮಾತ ಕೇಳೂದೈತಿ. ದಾರ್‍ಯಾಗ ಕೇಳಿದ್ರ ಮಾರಿ ತಿರುವಿ ಹೋಗತಾನ. ಇಲ್ಲಿ ಆಣಿ ಮಾಡಿ ಹೇಳಬೇಕಾಗತೈತಿ."

ನಡೆದದ್ದು ಹೀಗೆ. ಹೆಂಡತಿ ಬಾಯವ್ವನಿಗೆ ರಾತ್ರಿ ಜ್ವರ ನೆತ್ತಿಗೇರಿದಾಗ ಮುದಕಪ್ಪ ಗಾಡಿಗೆ ಚಾಪೆಯ ಮರೆ ಕಟ್ಟಿ, ಅವಳನ್ನು ಮಲಗಿಸಿಕೊಂಡು ದವಾಖಾನೆಯ ದಾರಿ ಹಿಡಿದಿದ್ದ. ಕಚೇರಿಯ ಹತ್ತಿರ ಬರುವಷ್ಟರಲ್ಲಿ ಮೂಡಲು ಕೆಂಪಾಯಿತು. ಸೋಮವಾರ, ಬಸವಣ್ಣನ ವಾರ. ಅವರ ಮನೆತನದಲ್ಲಿ ಆ ದಿನ ಎತ್ತಿನ ಹೆಗಲಿಗೆ ನೊಗ ತಾಗಿದ್ದೇ ಇಲ್ಲ. ಬಾಯವ್ವನೇ ಕಂಬಳಿಯೊಳಗಿಂದ, "ಹೊತ್ತ ಹುಟ್ಟಿತು. ಎತ್ತಿನ ಕೊಳ್ಳ ಹರೀರಿ," ಎಂದಳು.

ದವಾಖಾನೆ ಕೂಗಳತೆಯಲ್ಲಿತ್ತು. ಮುದಕಪ್ಪ ಒಂದು ಗಳಿಗೆ ನಿಂತ. ಆಮೇಲೆ ಕೊಳ್ಳು ಹರಿದು ನೊಗ ಇಳಿಸಿ, ಎತ್ತುಗಳನ್ನು ಗಾಲಿಗೆ ಕಟ್ಟಿ, ಡಾಕ್ಟರರನ್ನು ಕರೆತರಲು ಓಡಿದ. ಕರೆದುಕೊಂಡು ಬಂದಾಗ ಗಾಡಿಯ ಹಲಗೆಯ ಮೇಲೆ ಸಿಪಾಯಿ ದಂಡಕ್ಕೆಂದು ಹಾಕಿದ ಸುಣ್ಣದ ಗುರುತು ಬಿದ್ದಿತ್ತು. ಒಳಗೆ ಬಾಯವ್ವನ ಕೈ ತಣ್ಣಗಾಗಿತ್ತು.

ತಾನಿಲ್ಲದಾಗ ಅವಳ ಹತ್ತಿರ ಹೋದವನು ಆ ಸಿಪಾಯಿ ಒಬ್ಬನೇ.

ಖಟ್ಲೆ ಕೂಗಿದರು. ಸಿಪಾಯಿ ಹಜರತಸಾಬ ಆಣೆ ಮಾಡಿ ಹೇಳಿದ: "ಗಾಡಿ ರಸ್ತೆಕ್ಕ ಅಡ್ಡ ಇತ್ರಿ, ಸರಕಾರ. ಎತ್ತು ಬಿಚ್ಚಿದ್ದು. ಯಾರದಿದು ಅಂತ ಕೂಗಿದೆ. ಯಾರೂ ಬರಲಿಲ್ರಿ."

ಮಾಮಲೇದಾರರು ಮುದಕಪ್ಪನ ಕಡೆ ನೋಡಿದರು. "ಗಾಡಿ ನಿಂದ ಹೌದಲ್ಲಪಾ? ಒಪ್ಪಿಕೊಂಡು ಮನಿಗಿ ಹೋಗು."

"ಒಪ್ಪತೇನ್ರಿ ಸಾಹೇಬರ. ಮೊದಲ ಇವರನ್ನ ಒಂದ ಮಾತ ಕೇಳಲ್ರಿ?"

"ಕೇಳು."

ಮುದಕಪ್ಪ ರುಮಾಲು ತೆಗೆದು ಎರಡೂ ಕೈಯಲ್ಲಿ ಹಿಡಿದ. "ಸಾಬರ, ನೀವು ಕೂಗಿದಾಗ ಒಳಗಿಂದ ದನಿ ಬಂದಿತ್ತೇನ್ರಿ?"

ಹಜರತಸಾಬ ನೆಲ ನೋಡುತ್ತ ಹೇಳಿದ: "ಖುದಾನ ಮುಂದ ನಿಂತೇನಿ, ಸುಳ್ಳ ಹೇಳಂಗಿಲ್ಲ. ಬಂತ್ರಿ. ಸಣ್ಣ ದನಿ. 'ಬಂದ್ರ್ಯಾ? ಎತ್ತಿಗೆ ನೀರ ಕುಡಿಸಿದ್ರ್ಯಾ?' ಅಂದ್ಲರಿ ತಾಯಿ."

"ನೀವೇನಂದ್ರಿ?"

"ಏನೂ ಅನ್ನಲಿಲ್ಲ. ಗಡಿಬಿಡಿಯೊಳಗ ಗುರುತ ಹಾಕಿ ಹೊಂಟೆ. ಮತ್ತೊಮ್ಮೆ ಕೇಳಿದ್ಲರಿ... ನಾ ತಿರುಗಿ ನೋಡಲಿಲ್ಲ."

ಮುದಕಪ್ಪ ತಲೆದೂಗಿದ, ಯಾರೋ ದಾರಿ ತೋರಿಸಿದಂತೆ. ಆ ದಿನ ಅವನು ಎತ್ತುಗಳಿಗೆ ನೀರು ಕುಡಿಸಿರಲಿಲ್ಲ.

ಅವನು ದಂಡ ಕಟ್ಟಿ ಹೊರಬಂದಾಗ ಹಜರತಸಾಬ ಹಿಂದೆಯೇ ಬಂದ. "ಮಾಫ ಮಾಡ್ರಿ ಅಣ್ಣಾ. 'ಹೂಂ' ಅಂದಿದ್ರ ನನ್ನ ಗಂಟೇನ ಹೋಗತಿತ್ತು?"

"ನಿಮ್ಮದೇನೈತ್ರಿ ಸಾಬರ," ಎಂದ ಮುದಕಪ್ಪ. "ನೊಗ ಇಳಿಸಿದಾಂವ ನಾ."

ಶಟ್ಟೆಪ್ಪ ಕೊಡ ತಂದು ಬಾವಿಯ ಕಲ್ಲುದೋಣಿಗೆ ನೀರು ಸುರಿದ. ಎತ್ತುಗಳು ಹೊಟ್ಟೆ ತುಂಬ ಕುಡಿದು, ತಾವಾಗಿಯೇ ತಲೆ ಎತ್ತುವವರೆಗೂ ಮುದಕಪ್ಪ ಅವುಗಳ ಹೆಗಲು ಸವರುತ್ತ ನಿಂತಿದ್ದ. ಆಮೇಲೆ ಗಾಡಿಯ ಹತ್ತಿರ ಬಂದು ಚಾಪೆಯ ಮರೆ ಸರಿಸಿದ. ಒಳಗೆ ಕಂಬಳಿ ಮಡಿಚಿದಂತೆಯೇ ಇತ್ತು.

"ಹೂಂ," ಎಂದ ಅದರ ಕಡೆ ಬಾಗಿ, ಮೆಲ್ಲಗೆ. "ಕುಡಿಸೇನಿ."